ಎದುರು ಬದಿಯ ಐಗಳು

ಬಹಳ ಹಿಂದೆ, ಒಂದೂರಲ್ಲಿ ಮುರಿಗಯ್ಯ ಅಂತ ಒಬ್ಬ ಐಗಳಿದ್ದರು. ಊರ ಹೆಸರು ಕೇಳಬೇಡಿ; ಹೇಳಿದರೆ ಪಕ್ಕದೂರಿನವರು ಐಗಳು ನಮ್ಮವರು ಅಂತ ಜಗಳಕ್ಕೆ ಬರುತ್ತಾರೆ. ಐಗಳೆಂದರೆ ಆ ಕಾಲದ ಮೇಷ್ಟ್ರು. ಮಠದ ಪಡಸಾಲೆಯಲ್ಲಿ ಹೊಳೆಯ ಮರಳು ಹರವಿ, ಬೆರಳಿಂದ ಬರೆದು ಓದು ಕಲಿಸುತ್ತಿದ್ದರು. ಪುರಾಣಗಳೆಲ್ಲ ಬಾಯಿಪಾಠವಂತೆ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇತ್ತಂತೆ.

ಗಂಡುಹುಡುಗರು ಐಗಳ ಎಡಬಲಕ್ಕೆ ಕೂರುತ್ತಿದ್ದರು. ಕಂಬಾರರ ಹೊನ್ನವ್ವ ಒಬ್ಬಳೇ ಹೆಣ್ಣು; ಅವಳಿಗೆ ಮರಳಿನಾಚೆ, ಎದುರು ಬದಿಯಲ್ಲಿ ಜಾಗ. ಎಲ್ಲರ ಜೊತೆ ದನಿಯೆತ್ತಿ ಓದುವಳು. ಐಗಳು ಪಕ್ಕಕ್ಕೆ ಕರೆದು ಓದು ಅಂದರೆ ಬಾಯಿ ಕಟ್ಟುವುದು. ಬರೀ ಗಿಳಿಪಾಠ ಇವಳದು ಅಂತ ಬೈದರು, ಬೆತ್ತದಿಂದ ಹೊಡೆದರು. ಹೀಗೆ ವರ್ಷವೇ ಕಳೆಯಿತಂತೆ.

ಕೊನೆಗೆ ಅವಳ ತಾಯಿಯನ್ನು ಕರೆಸಿ, ಇವಳ ತಲೆಗೆ ಅಕ್ಷರ ಹತ್ತುವುದಿಲ್ಲ, ಮನೆಗೆ ಕರಕೊಂಡು ಹೋಗು ಅಂದರು. ಹೆಣ್ಣಿಗೆ ಓದು ಯಾಕೆ ಅಂತ ಆಡಿಕೊಂಡವರ ಮುಂದೆಯೇ ಮಗಳನ್ನು ಮಠಕ್ಕೆ ಕಳಿಸಿದವಳು ಆಕೆ. "ಇವತ್ತೊಂದಿನ ಕುಂಡ್ರಲಿ ಬಿಡ್ರಿ ಅಪ್ಪಾರ, ನಾಳಿಂದ ಕುಲುಮ್ಯಾಗ ತಿದಿ ಊದಾಕ ಹಚ್ಚತೀನಿ" ಅಂದಳಂತೆ.

ಅವತ್ತು ಐಗಳು ಯಾರೂ ಕೇಳಿರದ ಹೊಸ ಸಾಲು ಬರೆದರು. ಹುಡುಗರು ಇನ್ನೂ ಅಕ್ಷರ ಹುಡುಕುತ್ತಿದ್ದಾಗ, ಹೊನ್ನವ್ವ ಕೂತಲ್ಲಿಂದಲೇ ನೀರು ಕುಡಿದಷ್ಟು ಸಲೀಸಾಗಿ ಓದಿಬಿಟ್ಟಳು. ಐಗಳು ಬೆಚ್ಚಿದರು. ಪಕ್ಕಕ್ಕೆ ಕರೆದು ಇನ್ನೊಂದು ಸಾಲು ಬರೆದರೆ, ಮೂಕಿ. ತಿರುಗಿ ತನ್ನ ಜಾಗಕ್ಕೆ ಹೋದಳು, ಅದನ್ನೂ ಓದಿದಳು.

ಐಗಳು ಎದ್ದು, ಮರಳು ಸುತ್ತಿಕೊಂಡು ಹೋಗಿ ಅವಳ ಪಕ್ಕ ಕೂತರು. ಹುಡುಗನೊಬ್ಬನಿಗೆ ಆಚೆಯಿಂದ ಏನಾದರೂ ಬರೆ ಅಂದರು. ನೋಡಿದರೆ ಅಕ್ಷರವೆಲ್ಲ ತಲೆಕೆಳಗು! ಪುರಾಣ ಅರೆದು ಕುಡಿದ ಮನುಷ್ಯ ಒಂದೊಂದೇ ಅಕ್ಷರಕ್ಕೆ ಬೆವರಿದರಂತೆ. ಹೊನ್ನವ್ವನೇ ಬೆರಳಿಟ್ಟು ಓದಿಸಿದಳಂತೆ. ವರ್ಷವಿಡೀ ಅವಳು ಕಲಿತದ್ದು ಆ ಬದಿಯಿಂದ, ಆ ತಲೆಕೆಳಗು ಅಕ್ಷರಗಳನ್ನೇ.

ಐಗಳು ಅವಳ ಅಂಗೈ ಹಿಡಿದು ಅತ್ತರು ಅಂತಾರೆ. "ನೀ ಓದೂದು ಕಲ್ತಿದ್ದಿ ತಂಗೀ. ನಾ ಇನ್ನೂ ಕಲಿಸೂದು ಕಲ್ತಿದ್ದಿಲ್ಲ" ಅಂದರಂತೆ. ಬೆತ್ತ ಒಲೆಗೆ ಹೋಯಿತು. ಹೊನ್ನವ್ವ ಐಗಳ ಪಕ್ಕಕ್ಕೆ ಬಂದಳು, ಹದಿನೈದೇ ದಿನದಲ್ಲಿ ಈ ಬದಿಯಿಂದಲೂ ಓದಿದಳು.

ಸುದ್ದಿ ಹಬ್ಬಿತು. ಹನ್ನೆರಡು ಊರಿನ ಐಗಳು ಬಂದರು ಅಂತಾರೆ. ನಮ್ಮಜ್ಜಿ ಏಳೇ ಅನ್ನುತ್ತಿದ್ದಳು. ಎಲ್ಲ ಓದಿ ಮುಗಿಸಿದವರೇ. ಮುರಿಗಯ್ಯನವರು ಅವರನ್ನು ಒಂದು ತಿಂಗಳು ಎದುರು ಬದಿಗೆ ಕೂರಿಸಿ, ಮಕ್ಕಳಿಂದ ಬರೆಸಿ, ಓದಿಸುತ್ತಿದ್ದರಂತೆ. ಕೆಲವರು ಸಿಟ್ಟಾಗಿ ಎದ್ದುಹೋದರು. ಉಳಿದವರ ಮಠಗಳಲ್ಲಿ ಮುಂದೆ ಬೆತ್ತ ಕಾಣಲಿಲ್ಲವಂತೆ. ಮುರಿಗಯ್ಯನವರ ನಂತರ, ಹಾಗೆ ಬಂದ ಐಗಳಿಗೆ ಪಾಠ ಹೇಳಿದವಳು ಹೊನ್ನವ್ವ. ಮುಪ್ಪಿನಲ್ಲಿ ಮುರಿಗಯ್ಯನವರಿಗೆ ಓಲೆಗರಿ ತಲೆಕೆಳಗು ಹಿಡಿದರೇ ಓದು ಬರುತ್ತಿತ್ತು ಅಂತಲೂ ಹೇಳುತ್ತಾರೆ. ನಾನು ನಂಬುವುದಿಲ್ಲ, ಆದರೆ ಹೇಳದೆ ಬಿಡಲು ಮನಸ್ಸಿಲ್ಲ.

ಈಗಲೂ ಆ ಊರ ಶಾಲೆಗೆ ಹೊಸ ಮೇಷ್ಟ್ರು ಬಂದರೆ, ಸೀಮೆಸುಣ್ಣ ಮುಟ್ಟುವ ಮೊದಲು ಮರಳಿನ ಎದುರು ಬದಿಗೆ ಕೂರಬೇಕು. ಮಗುವೊಂದು ಬರೆಯುತ್ತದೆ, ಅವರು ಓದಬೇಕು. ತಡವರಿಸಿದರೆ ಮಕ್ಕಳೆಲ್ಲ ನಕ್ಕು ಬೆಲ್ಲ ಕೊಡುತ್ತವೆ. ಈ ವರ್ಷ ಬಂದ ಟೀಚರಮ್ಮ, ಓದು ಕಲಿಸುವುದು ಹೇಗೆ ಅಂತಲೇ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಓದಿ ಬಂದವರು. ಅವರೂ ತಡವರಿಸಿದರು, ಅವರೂ ಬೆಲ್ಲ ತಿಂದರು. ಆಮೇಲೆ ಮಕ್ಕಳ ಕಡೆ ತಿರುಗಿ ಕೇಳಿದರು: "ಓದು ಬರಂಗಿಲ್ಲ ಅಂತ ಅನಿಸಿಕೊಂಡೋರು ಯಾರದೀರಿ? ನನಗ ನಿಮ್ಮ ಪಕ್ಕ ಜಾಗಾ ಕೊಡ್ರಿ."

ಮೂರು ಮಕ್ಕಳು ಸರಿದು ಜಾಗ ಬಿಟ್ಟವು.