ಹೂವಿನ ವ್ಯಾಪಾರಿಯ ದೊಡ್ಡ ಟೈರು

"ಅಜ್ಜಾರೇ, ಶ್ರದ್ಧೆ ಇಲ್ಲದವರನ್ನು ಮಠದಲ್ಲಿ ಇಟ್ಟುಕೊಳ್ಳಬಹುದೇ?" ಎಂದು ಸದ್ಯೋಜಾತ ಕೇಳಿದ.

ಸದ್ಯೋಜಾತ ಮಠದ ಮರಿ, ಗುರುಗಳ ಎಳೆಯ ಶಿಷ್ಯ. ವಯಸ್ಸು ಚಿಕ್ಕದು, ನಿಷ್ಠೆ ದೊಡ್ಡದು. ಈ ವರ್ಷ ಒಂದು ಕಠಿಣ ವ್ರತವನ್ನೂ ಹಿಡಿದಿದ್ದ. ಎಲ್ಲರಿಗಿಂತ ಒಂದು ಜಾವ ಮೊದಲು ಏಳುವುದು, ಪೂಜೆಗೆ ಮೊದಲಿನ ಎರಡರಷ್ಟು ಹೊತ್ತು ಕೂರುವುದು, ಮಧ್ಯಾಹ್ನದವರೆಗೆ ಮಾತಾಡದಿರುವುದು. ಹಾಗಾಗಿ ಈ ಪ್ರಶ್ನೆಯನ್ನು ಬೆಳಗಿನಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಮಧ್ಯಾಹ್ನವಾಗುವುದನ್ನು ಕಾದಿದ್ದ.

ಗುರುಗಳು ಶೇಂಗಾ ಸುಲಿಯುತ್ತಿದ್ದರು. "ಯಾರ ಮಾತು ಹೇಳುತ್ತಿದ್ದೀಯಪ್ಪಾ?" ಎಂದರು.

"ಅಡುಗೆಯ ಮುಪ್ಪಯ್ಯನವರು. ತಡವಾಗಿ ಏಳುತ್ತಾರೆ. ಒಲೆಯ ಮುಂದೆ ಹಾಡು ಗುನುಗುತ್ತಾರೆ. ಪೂಜೆಗೆ ಕೂತರೋ ಇಲ್ಲವೋ ಅನ್ನುವಷ್ಟರಲ್ಲಿ ಎದ್ದು ಹೋಗುತ್ತಾರೆ. ಮೊದಲು ಹೀಗಿರಲಿಲ್ಲ. ಶಿವರಾತ್ರಿಯಿಂದೀಚೆಗೆ ಪೂರಾ ಸಡಿಲಾಗಿದ್ದಾರೆ. ಅವರನ್ನು ಊರಿಗೆ ಕಳಿಸಿ ಬೇರೆಯವರನ್ನು ನೋಡಬಾರದೇ?"

ಮುಪ್ಪಯ್ಯನಿಗೆ ಮಠ ಬಿಟ್ಟರೆ ಬೇರೆ ಊರೇ ಇರಲಿಲ್ಲ. ಗುರುಗಳು ಪಟ್ಟಕ್ಕೆ ಬರುವ ಮೊದಲೇ ಆತ ಆ ಒಲೆಯ ಮುಂದೆ ಕೂತಿದ್ದ. ಗುರುಗಳಿಗೆ ಇದು ಗೊತ್ತಿತ್ತು, ಸದ್ಯೋಜಾತನಿಗೂ ಗೊತ್ತಿತ್ತು.

"ಕಳಿಸೋಣಂತೆ" ಎಂದರು ಗುರುಗಳು. "ಅದಕ್ಕೆ ಮೊದಲು ಒಂದು ಕತೆ ಕೇಳು. ಶೇಂಗಾ ತಗೋ." ಹೀಗೆಂದು ಹೇಳತೊಡಗಿದರು.

ಒಬ್ಬ ಹೂವಿನ ವ್ಯಾಪಾರಿಯಿದ್ದ. ಆಳು ಎತ್ತರ, ಕೈ ಅದಕ್ಕಿಂತ ಉದ್ದ. ಹಳ್ಳಿಗಳಲ್ಲಿ ಹೆಂಗಸರು ಕಟ್ಟಿದ ಸೇವಂತಿಗೆ ಮಾಲೆಗಳನ್ನು ತಾನೇ ಹೋಗಿ, ತನ್ನ ಮೊಳದಿಂದಲೇ ಅಳೆದು ಕೊಳ್ಳುತ್ತಿದ್ದ. ಪೇಟೆಯ ಅಂಗಡಿಯಲ್ಲಿ ಅವನ್ನು ಮಾರುವವಳು ಅವನ ಹೆಂಡತಿ. ಆಕೆಯದು ಗಿಡ್ಡ ಕೈ. ಬೆಳಿಗ್ಗೆ ಹಳ್ಳಿಯಲ್ಲಿ ಕಡಿಮೆ ಮೊಳವಿದ್ದ ಮಾಲೆ ಪೇಟೆಗೆ ಬರುವಷ್ಟರಲ್ಲಿ ಬೆಳೆದಿರುತ್ತಿತ್ತು. ಉಳಿದವರ ಹೂವು ದಾರಿಯಲ್ಲಿ ಬಾಡುತ್ತಿತ್ತು, ಇವನ ಹೂವು ದಾರಿಯಲ್ಲಿ ಉದ್ದವಾಗುತ್ತಿತ್ತು. ಮಾಲೆ ಕಟ್ಟುವ ಹೆಂಗಸರು "ನಿಮ್ಮ ಮೊಳಕ್ಕ ನಮ್ಮ ಮಾಲಿ ಗಿಡ್ಡ ಬೀಳ್ತಾವ್ರೀ ಸಾವ್ಕಾರ್ರ" ಎಂದು ದಿನವೂ ಗೊಣಗುತ್ತಿದ್ದರು. ಅವನು ದಿನವೂ ನಗುತ್ತಿದ್ದ.

ಅವನಿಗೆ ಒಂದು ಪಿಕಪ್ ಗಾಡಿಯಿತ್ತು, ಒಬ್ಬ ಡ್ರೈವರ್ ಇದ್ದ. ವ್ಯಾಪಾರಿ ತಲೆಯ ಮೇಲೆ ಬುಟ್ಟಿ ಹೊತ್ತು ಹೂವು ಮಾರುತ್ತಿದ್ದ ಕಾಲದಿಂದ ಇಬ್ಬರಿಗೂ ಸ್ನೇಹ. ಒಂದೇ ಡಬ್ಬಿಯ ರೊಟ್ಟಿ ತಿಂದವರು. ಗಾಡಿ ಕೊಂಡ ದಿನ ವ್ಯಾಪಾರಿ ಅದರ ಚಾವಿಯನ್ನು ಮೊದಲು ಕೊಟ್ಟದ್ದು ಇವನ ಕೈಗೇ.

ಒಂದು ಮಳೆಗಾಲದ ದಿನ ಗಾಡಿ ಹಳ್ಳಿಯ ದಾರಿಯ ಎರೆಮಣ್ಣಿನಲ್ಲಿ ಹೂತುಕೊಂಡಿತು. ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೂಕುತ್ತಿರುವಾಗ ಇನ್ನೊಬ್ಬ ಹೂವಿನ ವ್ಯಾಪಾರಿಯ ಗಾಡಿ ಬಂತು. ಅದರ ಟೈರು ದೊಡ್ಡವು, ಗಡುಸು ಹಲ್ಲಿನವು. ಅದು ಕೆಸರನ್ನು ಲೆಕ್ಕಕ್ಕೇ ಇಡದೆ ಪಕ್ಕದಲ್ಲೇ ಹಾದುಹೋಯಿತು. ಹೋಗುವಾಗ ಹಾರ್ನ್ ಬೇರೆ ಹೊಡೆಯಿತು. ಅಂದು ಹೂವು ಬಾಡಿದ್ದಕ್ಕೆ ನಮ್ಮ ವ್ಯಾಪಾರಿ ಅಷ್ಟೇನೂ ನೊಂದುಕೊಳ್ಳಲಿಲ್ಲ. ಆ ಹಾರ್ನ್ ಮಾತ್ರ ಅವನ ಎದೆಯಲ್ಲಿ ಉಳಿಯಿತು.

ಮರುದಿನವೇ ಟೈರಿನ ಅಂಗಡಿಗೆ ಹೋದ. ಡ್ರೈವರನನ್ನು ಒಂದು ಮಾತು ಕೇಳಲಿಲ್ಲ. ಕೆಸರು, ಕಲ್ಲು, ಗುಡ್ಡ ಎಲ್ಲವನ್ನೂ ಹತ್ತುವಂಥ ದೊಡ್ಡ ಟೈರು ನಾಲ್ಕು ಹಾಕಿಸಿದ. ಅಂಗಡಿಯವನು ಟೈರನ್ನು ತಟ್ಟಿ, "ಇನ್ನ ಇದು ಗಾಡಿ ಅಲ್ರೀ, ಆನಿ" ಎಂದ. ಆನೆ ಎಷ್ಟು ತಿನ್ನುತ್ತದೆ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ವ್ಯಾಪಾರಿ ಎತ್ತರದಲ್ಲಿ ಕೂತು, ದಾರಿಯಲ್ಲಿ ಹೋಗುವವರ ತಲೆಗಳನ್ನು ನೋಡುತ್ತ ಮನೆಗೆ ಬಂದ.

ಮಳೆಗಾಲ ಮುಗಿಯಿತು. ಕೆಸರು ಒಣಗಿತು. ಗಾಡಿ ದಿನವೂ ಟಾರು ರಸ್ತೆಯಲ್ಲೇ ಓಡಿತು. ಆಗ ವ್ಯಾಪಾರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲು ಲೀಟರಿಗೆ ಹದಿಮೂರು ಕಿಲೋಮೀಟರು ಕೊಡುತ್ತಿದ್ದ ಗಾಡಿ ಈಗ ಹತ್ತು ಕೊಡುತ್ತಿದೆ. ಮೀಟರು ನೋಡಿ ಲೆಕ್ಕ ಹಾಕಿದ. ಮತ್ತೆ ಹಾಕಿದ. ಹತ್ತೇ. ಗಾಡಿ ಅದೇ, ಹಳ್ಳಿಗಳು ಅವೇ, ಪೇಟೆ ಅದೇ. ಹಾಗಾದರೆ ಡೀಸೆಲ್ ಎಲ್ಲಿಗೆ ಹೋಯಿತು? ಗಾಡಿಯಲ್ಲಿ ಹೊಸದೇನಿದೆ ಎಂದು ಅವನು ಯೋಚಿಸಲಿಲ್ಲ. ಗಾಡಿಯ ಹತ್ತಿರ ಯಾರಿರುತ್ತಾರೆ ಎಂದು ಯೋಚಿಸಿದ.

ಬಾಯಿ ಬಿಟ್ಟು ಹೇಳಲು ನಾಚಿಕೆ. ಆದ್ದರಿಂದ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಒಂದು ಕೀಲಿ ಹಾಕಿಸಿದ. ಕೀಲಿಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಡೀಸೆಲ್ ಹಾಕಿಸುವಾಗಲೆಲ್ಲ ಬಂಕಿನಲ್ಲಿ ನಿಂತು ಧೋತರ ಸಡಿಲಿಸಿ ಕೀಲಿಕೈ ಹುಡುಕುವುದು, ಹಿಂದಿನ ಗಾಡಿಗಳವರು ಹಾರ್ನ್ ಹೊಡೆಯುವುದು ನಡೆಯಿತು. ಇಷ್ಟಾದರೂ ಲೆಕ್ಕ ಹತ್ತರ ಮೇಲೆ ಏರಲಿಲ್ಲ. ಇವನ ಹತ್ತಿರ ಕಳ್ಳ ಕೀಲಿಕೈಯೂ ಇರಬೇಕು ಎಂದುಕೊಂಡ ವ್ಯಾಪಾರಿ. ಡ್ರೈವರ್ ಹತ್ತಿರ ಬಂದಾಗಲೆಲ್ಲ ನೆಗಡಿಯಾದವನಂತೆ ಮೂಗೆಳೆಯುತ್ತ ಅವನ ಅಂಗಿ ಮೂಸಿ ನೋಡಿದ. ಬೆವರಿನ ವಾಸನೆಯಿತ್ತು, ಸೇವಂತಿಗೆಯ ವಾಸನೆಯಿತ್ತು. ಡೀಸೆಲ್ ವಾಸನೆ ಬರಲಿಲ್ಲ. ತೊಳೆದುಕೊಂಡು ಬಂದಿದ್ದಾನೆ ಎಂದುಕೊಂಡ.

ಡ್ರೈವರ್ ಎಷ್ಟು ದಿನ ಸುಮ್ಮನಿದ್ದಾನು? ಒಂದು ದಿನ ಹೇಳಿಯೇಬಿಟ್ಟ. "ಸಾವ್ಕಾರ್ರ, ನೀವು ಕೀಲಿ ಹಾಕಿದ್ದು ಟ್ಯಾಂಕಿಗಲ್ಲ, ನನಗ. ಬರೋ ಅಮಾಸಿಗೆ ಗಾಡಿ ಪೂಜಿ ಮಾಡಿ, ಚಾವಿ ನಿಮ್ಮ ಕೈಯಾಗ ಕೊಟ್ಟು ಹೊಕ್ಕೀನಿ. ಬ್ಯಾರೆಯವ್ರನ್ನ ನೋಡ್ಕೋರಿ."

ವ್ಯಾಪಾರಿಗೆ ಒಂದೇ ಡಬ್ಬಿಯ ರೊಟ್ಟಿ ನೆನಪಾಯಿತು. ಆದರೂ ಸಂಶಯ ಬಿಡಲಿಲ್ಲ. ಹೋಗುವುದಾದರೆ ಹೋಗಲಿ, ಹೋಗುವ ಮೊದಲು ಕೈಯಾರೆ ಹಿಡಿಯುತ್ತೇನೆ ಎಂದು ನಿಶ್ಚಯಿಸಿದ. ಅಮಾವಾಸ್ಯೆಯ ಹಿಂದಿನ ದಿನ ಹೂವು ತುಂಬಿದ ಮೇಲೆ, ದಾರಿಯುದ್ದಕ್ಕೂ ಮೀಟರಿನ ಮೇಲಿಂದ ಕಣ್ಣು ತೆಗೆಯಬಾರದೆಂದು ಡ್ರೈವರನ ಪಕ್ಕದಲ್ಲಿ ಕೂತ. ಮೊದಲಾದರೆ ಇಬ್ಬರೂ ಹರಟುತ್ತ ಬರುತ್ತಿದ್ದರು. ಅಂದು ಟೈರಿನ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ.

ದಾರಿಯಲ್ಲಿ ಒಂದು ಏರು ಬಂತು. ಮೊದಲು ಗಾಡಿ ಸಲೀಸಾಗಿ ಹತ್ತುತ್ತಿದ್ದ ಏರು. ಅಂದು ಅರ್ಧಕ್ಕೇ ಉಬ್ಬಸ ಬಂದು, ಡ್ರೈವರ್ ಗೇರು ಇಳಿಸಬೇಕಾಯಿತು. ಹೊಟ್ಟೆಯುರಿಗೆ ಹೀಗೆ ಓಡಿಸುತ್ತಿದ್ದಾನೆ ಎಂದುಕೊಂಡ ವ್ಯಾಪಾರಿ. ಏರು ದಾಟಿದ ಮೇಲೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳ ಮೇಲೆ ಅವನ ಕಣ್ಣು ಬಿತ್ತು. ಒಂದು ಕಲ್ಲು ಹೋಯಿತು. ಮೀಟರು ಇನ್ನೂ ಒಂದು ಕಿಲೋಮೀಟರು ತೋರಿಸಿರಲಿಲ್ಲ. ಮತ್ತೊಂದು ಕಲ್ಲು ಹೋಯಿತು. ಮೀಟರು ಮತ್ತಷ್ಟು ಹಿಂದೆ ಬಿತ್ತು. ಪೇಟೆ ಮುಟ್ಟಿದಾಗ ಮಳೆಗಾಲಕ್ಕೆ ಮೊದಲು ತೋರಿಸುತ್ತಿದ್ದುದಕ್ಕಿಂತ ಕಡಿಮೆಯೇ ತೋರಿಸಿತು.

ಸಿಕ್ಕಿಬಿದ್ದ! ಮೀಟರನ್ನೂ ಕೆಡಿಸಿದ್ದಾನೆ!

ಬಾಯಿ ತೆರೆದವನು ಹಾಗೇ ಮುಚ್ಚಿದ. ಡೀಸೆಲ್ ಕದಿಯುವವನು ಮೀಟರನ್ನು ಕೆಡಿಸಿದರೆ, ಕದ್ದದ್ದು ಓಟದಲ್ಲಿ ಖರ್ಚಾದಂತೆ ಕಾಣಲೆಂದು ಹೆಚ್ಚು ತೋರಿಸುವಂತೆ ಕೆಡಿಸುತ್ತಾನೆ. ಕಡಿಮೆ ತೋರಿಸುವಂತೆ ಏಕೆ ಕೆಡಿಸುತ್ತಾನೆ? ಅಂಥ ದಡ್ಡ ಕಳ್ಳ ಯಾರಿದ್ದಾನೆ? ವ್ಯಾಪಾರಿಯ ತಲೆ ಗಿರ್ರೆಂದಿತು. ಅಂಗಡಿಯೊಳಗೆ ಹೋಗಿ ಕೂತ.

ಹೆಂಡತಿ ಮಾಲೆ ಅಳೆಯುತ್ತಿದ್ದಳು. ಬೆಳಿಗ್ಗೆ ಅವನೇ ಅಳೆದು ಕೊಂಡ ಮಾಲೆ ಅದು. ಎಂದಿನಂತೆ ಆಕೆಯ ಗಿಡ್ಡ ಕೈಯಲ್ಲಿ ಮೊಳದ ಮೇಲೆ ಮೊಳ ಬೆಳೆಯುತ್ತಿತ್ತು. ವ್ಯಾಪಾರಿ ಸುಮ್ಮನೆ ನೋಡುತ್ತಿದ್ದ. ಆಕೆಯ ಕೈ ನೋಡಿದ. ತನ್ನ ಕೈ ನೋಡಿಕೊಂಡ. ಆಮೇಲೆ ಕುತ್ತಿಗೆ ಉದ್ದ ಮಾಡಿ, ಬಾಗಿಲಾಚೆ ನಿಂತ ಗಾಡಿಯ ಟೈರು ನೋಡಿದ. ತಟ್ಟನೆ ಎದ್ದು, ಹೆಂಡತಿಯ ಕೈಯಲ್ಲಿದ್ದ ಮಾಲೆಯನ್ನು ಕಸಿದುಕೊಂಡು ಹೊರಗೆ ಓಡಿದ.

ಗಾಡಿಯ ಕೆಳಗೆ ಸ್ಟೆಪ್ನಿ ತೂಗುತ್ತಿತ್ತು. ಅದು ಹಳೆಯ ಅಳತೆಯ ಟೈರು, ಅವನು ಬದಲಾಯಿಸದೆ ಉಳಿದದ್ದು ಅದೊಂದೇ. ಡ್ರೈವರನಿಗೆ ಹೇಳಿ ಇಳಿಸಿದ. ಮಾಲೆಯನ್ನು ಅದರ ಸುತ್ತ ಸುತ್ತಿದ. ಮಾಲೆ ಒಂದು ಸುತ್ತು ಬಂದು ಇನ್ನೂ ಮಿಕ್ಕಿತು. ಅದೇ ಮಾಲೆಯನ್ನು ಹೊಸ ಟೈರಿನ ಸುತ್ತ ಸುತ್ತಿದ. ತುದಿಗೆ ತುದಿ ಮುಟ್ಟಲಿಲ್ಲ.

"ಏನ್ರೀ ಇದು, ಟೈರಿಗೆ ಮಾಲಿ ಹಾಕಾಕ್ಹತ್ತೀರಿ? ಅಮಾಸಿ ನಾಳೆ ಐತಿ" ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ವ್ಯಾಪಾರಿ ಮಣ್ಣಿನಲ್ಲೇ ಕೂತುಬಿಟ್ಟ. ಹೂವಿನ ಅಂಗಡಿಯಲ್ಲಿ ದಿನವೂ ತಾನು ಆಡುತ್ತಿದ್ದ ಆಟವನ್ನೇ ಟೈರು ತನ್ನ ಮೇಲೆ ಆಡಿತ್ತು. ಮಾಲೆ ಅಷ್ಟೇ ಇದ್ದರೂ ಉದ್ದ ಕೈಗೆ ಮೊಳ ಕಡಿಮೆ. ರಸ್ತೆ ಅಷ್ಟೇ ಇದ್ದರೂ ದೊಡ್ಡ ಟೈರಿಗೆ ಸುತ್ತು ಕಡಿಮೆ. ಮೀಟರು ಎಣಿಸುವುದು ರಸ್ತೆಯನ್ನಲ್ಲ, ಸುತ್ತುಗಳನ್ನು. ಕಳೆದುಹೋದ ಮೂರು ಕಿಲೋಮೀಟರಿನಲ್ಲಿ ಒಂದಿಷ್ಟು ನಿಜವಾಗಿ ಕಳೆದೇ ಇರಲಿಲ್ಲ. ಉಳಿದದ್ದು ಆ ಟೈರಿನ ಭಾರಕ್ಕೆ, ಟಾರನ್ನು ಹಲ್ಲು ಕಚ್ಚಿ ಹಿಡಿದುಕೊಳ್ಳುವ ಅದರ ಗಡುಸಿಗೆ, ಏರಿನಲ್ಲಿ ಬಂದ ಆ ಉಬ್ಬಸಕ್ಕೆ ಹೋಗಿತ್ತು. ಒಂದು ತೊಟ್ಟೂ ಡ್ರೈವರನ ಕೈಗೆ ಹೋಗಿರಲಿಲ್ಲ.

ಅವನಿಗೆ ನಾಚಿಕೆಯಾಯಿತು. ಅಳು ಬರುವಷ್ಟು ನಾಚಿಕೆ. ಪೇಟೆಯ ನಡುವೆಯೇ ಧೋತರ ಸಡಿಲಿಸಿ, ಉಡಿದಾರದ ಕೀಲಿಕೈ ಬಿಚ್ಚಿ ಡ್ರೈವರನ ಮುಂದೆ ಹಿಡಿದ.

"ಕಳ್ಳ ಸಿಕ್ಕಾನ" ಎಂದ. "ಒಬ್ಬಲ್ಲ, ನಾಕು ಮಂದಿ. ನಾನಽ ಕರಕೊಂಡು ಬಂದು ಇಟ್ಕೊಂಡೀನಿ. ನಿನಗ ಕೀಲಿ ಹಾಕಿದ್ದು ತಪ್ಪಾತು."

ಡ್ರೈವರ್ ಕೀಲಿಕೈ ಮುಟ್ಟಲಿಲ್ಲ. ಆ ಟೈರು, ಆ ಮಾಲೆ, ಮಣ್ಣಾದ ಆ ಧೋತರ ನೋಡಿದ. ಮುಖ ಬಿಗಿ ಹಿಡಿದುಕೊಂಡೇ ಇದ್ದ. ಆದರೆ ಎಷ್ಟು ಬಿಗಿಹಿಡಿದರೂ ನಗು ಮೂಗಿನಿಂದ ಹೊರಗೆ ಬಂತು. "ಹೊರಗ ಹಾಕಬ್ಯಾಡ್ರಿ ಅವ್ರನ್ನ" ಎಂದ. "ಮಳಿಗಾಲಕ್ಕ ಇರ್ಲಿ. ಕೆಸರಿನ್ಯಾಗ ಅವರು ಭಾಳ ಒಳ್ಳೇ ಮಂದಿ."

ಮರುದಿನ ಅಮಾವಾಸ್ಯೆ. ಡ್ರೈವರ್ ಗಾಡಿ ತೊಳೆದು, ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಅದರ ಮೇಲೆ ಉರುಳಿದ್ದು ಹಿತ್ತಲಿನಿಂದ ತಂದು ಮತ್ತೆ ಹಾಕಿಸಿದ ಹಳೆಯ ಟೈರು. ಚಾವಿ ಅವನ ಕೈಯಲ್ಲೇ ಉಳಿಯಿತು. ಆಮೇಲೆ ಮಾಲೆ ಕೊಳ್ಳಲು ಹಳ್ಳಿಗೆ ಹೋಗುವಾಗ ವ್ಯಾಪಾರಿ ತನ್ನ ಹೆಂಡತಿಯನ್ನು ಕರೆದೊಯ್ದು, ಆಕೆಯ ಗಿಡ್ಡ ಮೊಳದಿಂದಲೇ ಕೊಂಡ ಎಂದು ಕೆಲವರು ಹೇಳುತ್ತಾರೆ. ನಾನಂತೂ ನಂಬಿಲ್ಲ.

ಕತೆ ಮುಗಿಯಿತು. ಸದ್ಯೋಜಾತ ತನ್ನ ಗಾಂಭೀರ್ಯ ಮರೆತು ನಗುತ್ತಿದ್ದ. ಧೋತರದ ಮಾತು ಬಂದಾಗಿನಿಂದ ಹಿಡಿದ ನಗು ಇನ್ನೂ ಬಿಟ್ಟಿರಲಿಲ್ಲ. ಬಾಯಲ್ಲಿದ್ದ ಶೇಂಗಾ ನೆತ್ತಿಗೇರಿ ಕೆಮ್ಮಿದ.

"ಎಂಥ ಮನುಷ್ಯ, ಅಜ್ಜಾರೇ! ಟೈರು ಬದಲಾಯಿಸಿದವನು ತಾನು. ಡ್ರೈವರ್ ಇದ್ದ ಹಾಗೇ ಇದ್ದ. ಅವನೇ ಬದಲಾಗಿದ್ದಾನೆ ಎಂದುಕೊಂಡು ಬಿಟ್ಟುಹೋಗುವಂತೆ ಮಾಡುತ್ತಿದ್ದನಲ್ಲ!"

ಗುರುಗಳೂ ಅವನ ಜೊತೆ ಸೇರಿ ನಕ್ಕರು. ಕಣ್ಣೊರೆಸಿಕೊಂಡರು. ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು, ಅದರ ಹಿಂದೆಯೇ ಮುಪ್ಪಯ್ಯನ ಗುನುಗು ಬಂತು. ಎಷ್ಟೋ ವರ್ಷಗಳಿಂದ ಆ ಮಠದಲ್ಲಿ ಎಲ್ಲರೂ ಕೇಳುತ್ತ ಬಂದ ಅದೇ ಗುನುಗು. ಗುರುಗಳು ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತು ಕೇಳಿದರು:

"ಮರೀ, ನೀನು ಟೈರು ಹಾಕಿಸಿಕೊಂಡದ್ದು ಶಿವರಾತ್ರಿಯ ದಿನವೇ ಅಲ್ಲವೇ?"

ಸದ್ಯೋಜಾತ ಕೆಳಗೆ ಬಿದ್ದ ಸಿಪ್ಪೆಯನ್ನು ಬಳಿದುಕೊಂಡು ಮುಪ್ಪಯ್ಯನ ಒಲೆಯ ಕಡೆ ಹೊರಟ.