ಟೈರ್ ನೋಡುವ ಶಾಸ್ತ್ರ

ಹಿರಿಯೂರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಕರಿಬಸಪ್ಪನ ಟೈರ್ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ಅವನಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಓದು ಮುಗಿದ ಮೇಲೆ ಎಂಟು ವರ್ಷ ಅಪ್ಪನ ಜೊತೆ ಅಂಗಡಿಯಲ್ಲೇ ನಿಂತು, ಸವೆದ ಟೈರ್ ನೋಡಿ ಓಡಿಸಿದವನ ಬುದ್ಧಿ ಹೇಳುವಷ್ಟು ಪಳಗಿದ್ದಳು. ಟೈರಿನ ಎರಡೂ ಅಂಚು ಸವೆದಿದ್ದರೆ ಅವನು ಗಾಳಿ ನೋಡಿಸದ ಸೋಮಾರಿ. ನಡುಮಧ್ಯೆ ಸವೆದಿದ್ದರೆ ಅಳತೆ ಮೀರಿ ಗಾಳಿ ತುಂಬಿಸಿಕೊಂಡವನು. ಒಳಗಿನ ಅಂಚು ಮಾತ್ರ ಹೋಗಿದ್ದರೆ, ಗುಂಡಿಗೆ ಇಳಿಸಿ ಅಲೈನ್‌ಮೆಂಟ್ ಕೆಡಿಸಿಕೊಂಡು ತಿಂಗಳುಗಟ್ಟಲೆ ಹಾಗೇ ಅಲೆದವನು. ಅವಳು ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದಾಗ ಕೆಲವು ಗಿರಾಕಿಗಳು ನಗುತ್ತಿದ್ದರು, ಕೆಲವರು ಮುಖ ಸಿಂಡರಿಸುತ್ತಿದ್ದರು. ತಪ್ಪು ಹೇಳಿದೆ ಎಂದವರು ಮಾತ್ರ ಯಾರೂ ಇರಲಿಲ್ಲ.

ಇಂಥವಳನ್ನು ನೋಡಲು ಒಂದು ಭಾನುವಾರ ಬೆಳಿಗ್ಗೆ ಚಳ್ಳಕೆರೆಯಿಂದ ಗಂಡಿನ ಕಡೆಯವರು ಬಂದರು. ಹುಡುಗನ ಹೆಸರು ಚಿದಾನಂದ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ. ತಂದೆ ಇರಲಿಲ್ಲ. ತಾಯಿ ಸರ್ವಮಂಗಳಮ್ಮನನ್ನು ತನ್ನ ಬಿಳಿಯ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ತಾನೇ ಓಡಿಸಿಕೊಂಡು ಬಂದಿದ್ದ. ಈ ಸಂಬಂಧ ಹುಡುಕಿ ತಂದವನು ದಾಕ್ಷಾಯಣಿಯ ಸೋದರಮಾವ ರುದ್ರೇಶ.

"ಹುಡುಗ ಬಂಗಾರ ಕಣೇ ದಾಕ್ಷಿ. ಏರಿದ ದನಿಯಲ್ಲಿ ಒಂದು ಮಾತು ಆಡಿದ್ದು ನಾನು ಕೇಳಿಲ್ಲ," ಎಂದು ರುದ್ರೇಶ ವಾರದಿಂದ ಹೇಳುತ್ತಲೇ ಇದ್ದ.

ನಿಜ ಹೇಳಬೇಕೆಂದರೆ ದಾಕ್ಷಾಯಣಿಗೂ ಹುಡುಗ ಹಿಡಿಸಿದ. ಮೆಲುದನಿಯ ಮಾತು. ಉಪ್ಪಿಟ್ಟು ತಿಂದ ತಟ್ಟೆಯನ್ನು ತಾನೇ ಎತ್ತಿ ಒಳಗೆ ಇಟ್ಟುಬಂದ. ಅವಳ ಕೆಲಸದ ಬಗ್ಗೆ ಮೂಗು ಮುರಿಯದೆ ಕೇಳಿದ. ಇಪ್ಪತ್ತೊಂಬತ್ತು ತುಂಬಿದ ಹುಡುಗಿ, ಅಂಗಡಿಯ ಗ್ರೀಸು ಮೆತ್ತಿದ ಕೈ ನೋಡಿ ಎದ್ದುಹೋದ ಗಂಡುಗಳನ್ನು ಕಂಡವಳು, ಒಳಗೊಳಗೇ ಹಿಗ್ಗಿದಳು. ಕರಿಬಸಪ್ಪ ರುದ್ರೇಶನ ಮೂಲಕ ಮೊದಲೇ ಮಾತು ಕೊಟ್ಟಿದ್ದ, ನಡುಮನೆಯಲ್ಲಿ ಹೂವು ಹಣ್ಣಿನ ತಟ್ಟೆ ಆಗಲೇ ಸಿದ್ಧವಾಗಿತ್ತು. ಅವಳು ಹೂಂ ಅಂದರೆ ಸಾಕು, ಅವತ್ತೇ ತಟ್ಟೆ ಬದಲಾಯಿಸಿ ಮದುವೆಯ ದಿನ ಗೊತ್ತು ಮಾಡುವುದಿತ್ತು.

ಅಷ್ಟರಲ್ಲಿ ಚಿದಾನಂದನಿಗೇ ಒಂದು ತಮಾಷೆ ಹೊಳೆಯಿತು.

"ಎಲ್ರೂ ಹುಡುಗಿಗೆ ಹಾಡು ಬರುತ್ತಾ ಅಂತ ಕೇಳ್ತಾರೆ. ನಾನು ಬೇರೆ ಕೇಳ್ತೀನಿ. ನನ್ನ ಗಾಡಿ ಸ್ವಲ್ಪ ಎಡಕ್ಕೆ ಎಳೀತಿದೆ. ಇವರು ನೋಡಿ ಹೇಳ್ತಾರಾ?"

ಎಲ್ಲರೂ ನಕ್ಕರು. "ರೇಷ್ಮೆ ಸೀರೆ ಉಟ್ಕೊಂಡು ಎಂಥ ಜಾಕು ಹಚ್ಚೋದು, ಬಿಡ್ರಿ," ಎಂದ ರುದ್ರೇಶ. ದಾಕ್ಷಾಯಣಿ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದೇಬಿಟ್ಟಳು. ಉಳಿದವರು ನಗುತ್ತ ಹಿಂದೆ ಬಂದರು.

ಅವಳು ಮುಂದಿನ ಚಕ್ರದ ಹತ್ತಿರ ಕೂತು ಟೈರಿನ ಮೇಲೆ ಅಂಗೈ ಆಡಿಸಿದಳು. ಆಡಿಸುತ್ತಿದ್ದ ಕೈ ನಿಂತಿತು.

"ಈ ಟೈರ್ ಹಾಕಿಸಿ ಎಷ್ಟು ದಿನ ಆಯ್ತು?"

"ಎರಡು ವರ್ಷದ ಮೇಲಾಗಿರಬೇಕು."

ಟೈರಿನ ಪಕ್ಕೆಯಲ್ಲಿ ಅದು ತಯಾರಾದ ವಾರ, ವರ್ಷ ಎರಡನ್ನೂ ನಾಲ್ಕು ಅಂಕಿಯಲ್ಲಿ ಒತ್ತಿರುತ್ತಾರೆ. ಗೊತ್ತಿಲ್ಲದವರಿಗೆ ಅದು ಕಾಣುವುದೇ ಇಲ್ಲ. ದಾಕ್ಷಾಯಣಿ ಅದರ ಮೇಲೆ ಬೆರಳಿಟ್ಟಳು.

"ಇದು ಹುಟ್ಟಿಯೇ ಹತ್ತು ತಿಂಗಳಾಗಿದೆ. ಹತ್ತು ತಿಂಗಳಿಗೇ ಬೋಳು. ಗಾಡಿ ಬೇರೆ ಯಾರಾದರೂ ಓಡಿಸ್ತಾರಾ?"

"ಛೆ, ನನ್ನ ಗಾಡಿ ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ," ಎಂದ ಚಿದಾನಂದ ಹೆಮ್ಮೆಯಿಂದ.

ಅವಳಿಗೆ ಬೇಕಿದ್ದ ಉತ್ತರ ಅದಲ್ಲ. ಜಾಕ್ ಏರಿಸಿ ಚಕ್ರ ಬಿಚ್ಚಿದಳು. ಬ್ರೇಕಿನ ಡಿಸ್ಕ್ ಕಾದು ಕಾದು ನೀಲಿಗಟ್ಟಿತ್ತು. ಪ್ಯಾಡ್ ಒಂದು ಬಿಸ್ಕತ್ತಿನಷ್ಟೂ ದಪ್ಪ ಉಳಿದಿರಲಿಲ್ಲ.

"ತಿರುವಿನಲ್ಲಿ ವೇಗ ಇಳಿಸದೆ ತಿರುಗಿಸ್ತೀರಿ, ಅದಕ್ಕೇ ಹೊರಗಿನ ಅಂಚು ಹೀಗೆ ಹರಿದಿದೆ. ಇಲ್ಲಿ ನೋಡಿ, ಒಂದೇ ಜಾಗದಲ್ಲಿ ಚಪ್ಪಟೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗೋದು ನಿಂತು ರಸ್ತೆ ಮೇಲೆ ಉಜ್ಜಿಕೊಂಡು ಹೋಗಿದೆ. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ಹೋಗ್ತೀರಿ, ಆಮೇಲೆ ಬ್ರೇಕ್ ಮೇಲೆ ನಿಲ್ತೀರಿ. ಅದಕ್ಕೇ ಬ್ರೇಕೂ ಸವೆದು ಹೋಗಿದೆ."

"ಟೈರ್ ಅಂದಮೇಲೆ ಸವೀತದೆ ರೀ," ಎಂದು ಚಿದಾನಂದ ನಕ್ಕ. "ಇನ್ನು ಮಾವನ ಅಂಗಡಿಯೇ ಇರುತ್ತಲ್ಲ, ನನಗ್ಯಾಕೆ ಚಿಂತೆ?"

ರುದ್ರೇಶ ಅದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕ. ಕರಿಬಸಪ್ಪ ನಗಲಿಲ್ಲ. ಎತ್ತಲೋ ನೋಡುತ್ತ ನಿಂತಿದ್ದ.

ಚಕ್ರ ಮತ್ತೆ ಕೂರಿಸಿ, ಟೈರಿಗೆ ಗಾಳಿ ಎಷ್ಟಿರಬೇಕೆಂದು ಬರೆದ ಚೀಟಿ ಹುಡುಕುತ್ತ ದಾಕ್ಷಾಯಣಿ ಎಡಗಡೆಯ ಮುಂದಿನ ಬಾಗಿಲು ತೆಗೆದಳು. ಚೀಟಿ ಸಿಗಲಿಲ್ಲ. ಕೆಳಗೆ ಹಾಸಿದ್ದ ಮ್ಯಾಟ್ ಕಣ್ಣಿಗೆ ಬಿತ್ತು. ಸೀಟಿನಲ್ಲಿ ಕೂತವರ ಬಲಗಾಲು ಬರುವ ಜಾಗದಲ್ಲಿ ಆ ಮ್ಯಾಟು ಸವೆದು ತೂತಾಗಿತ್ತು. ಆ ಕಡೆ ಬ್ರೇಕ್ ಇಲ್ಲ, ಏನೂ ಇಲ್ಲ. ಆದರೂ ಯಾರೋ ಅಲ್ಲಿ ಕೂತು, ವರ್ಷಗಟ್ಟಲೆ, ಗಾಡಿ ನಿಲ್ಲಲಿ ಎಂದು ಕಾಲು ಒತ್ತಿದ್ದಾರೆ.

ಅವಳು ತಲೆ ಎತ್ತಿ ಸರ್ವಮಂಗಳಮ್ಮನನ್ನು ನೋಡಿದಳು. ಆಯಮ್ಮ ಮೆಲ್ಲಗೆ ತನ್ನ ಬಲಗಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು.

ಆ ತೂತು ಯಾರ ಕಾಲಿನದೆಂದು ದಾಕ್ಷಾಯಣಿಗೆ ತಿಳಿಯಿತು. ಹಾಗಂತ ಅಲ್ಲೇ ಬೇಡ ಎನ್ನಲು ಮನಸ್ಸು ಬರಲಿಲ್ಲ. ಟೈರು ಸುಳ್ಳು ಹೇಳುವುದಿಲ್ಲ, ಓದಿದ ತಾನೇ ತಪ್ಪಿರಬಹುದಲ್ಲ? ಹಿಡಿಸಿದ ಹುಡುಗನ ಪರವಾಗಿ ಅವಳ ಮನಸ್ಸು ವಕೀಲಿ ಮಾಡತೊಡಗಿತು. ಕೊನೆಗೆ ಹೇಳಿದಳು:

"ಮಾರಿಕಣಿವೆ ರಸ್ತೇಲಿ ನಾಲ್ಕು ಕಿಲೋಮೀಟರ್ ಹೋಗಿ ಬರೋಣ ಬನ್ನಿ. ನಿಮ್ಮ ಅಮ್ಮನೂ ಬರಲಿ. ಈ ಟೈರಿಗೆ ನಲವತ್ತರ ಮೇಲೆ ಹೋಗೋ ಹಾಗಿಲ್ಲ. ನಲವತ್ತರಲ್ಲೇ ಓಡಿಸ್ತೀರಾ?"

"ನಿಮ್ಮ ಮಾತು ಮೀರ್ತೀನಾ?" ಎಂದ ಚಿದಾನಂದ.

ತಾಯಿ ಮುಂದೆ ಕೂತಳು, ದಾಕ್ಷಾಯಣಿ ಹಿಂದೆ. ಮೊದಲ ಒಂದು ಕಿಲೋಮೀಟರ್ ಕಾರು ಹದವಾಗಿ ಹೋಯಿತು. ಗೇರು ಬದಲಿಸಿದ್ದೂ ಗೊತ್ತಾಗಲಿಲ್ಲ. ದಾಕ್ಷಾಯಣಿ ನಿಟ್ಟುಸಿರು ಬಿಟ್ಟು ಸೀಟಿಗೆ ಒರಗಿದಳು. ಆಗ ಈರುಳ್ಳಿ ಮೂಟೆ ಹೇರಿಕೊಂಡ ಒಂದು ಲಗೇಜ್ ಆಟೋ ಹಾರ್ನ್ ಹೊಡೆದು ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು.

"ಲಗೇಜ್ ಆಟೋ ನಮ್ಮನ್ನ ಹಿಂದೆ ಹಾಕೋದಾ!" ಎಂದು ನಕ್ಕ ಚಿದಾನಂದ. ದನಿ ಅದೇ ಮೆಲುದನಿ. ಕಾಲು ಮಾತ್ರ ಬೇರೆ ಯಾರದೋ ಕಾಲಾಯಿತು. ಕಾರು ಚಿಮ್ಮಿತು. ಐವತ್ತು, ಅರವತ್ತು, ಎಂಬತ್ತು. ಆಟೋದ ಬೆನ್ನಿಗೆ ಮೂಗು ತಾಗಿಸಿದಂತೆ ನಿಂತು ಹಾರ್ನ್ ಒತ್ತಿದ. ಹಂಪ್ ಬಂತು, ಬ್ರೇಕ್ ತುಳಿದ. ಹಂಪ್ ದಾಟಿತು, ಮತ್ತೆ ಚಿಮ್ಮಿಸಿದ. ತಾಯಿಯ ಬಲಗಾಲು ಮ್ಯಾಟಿನ ತೂತಿನೊಳಗೆ ಬಿಗಿಯಾಗಿ ಊರಿತ್ತು.

"ನಿಲ್ಲಿಸಿ," ಎಂದಳು ದಾಕ್ಷಾಯಣಿ.

ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ಮುಗುಳ್ನಕ್ಕ. "ನನ್ನ ಗಾಡಿ ಹತ್ತಿದ ಮೇಲೆ ನಾನು ನಿಲ್ಲಿಸಿದಾಗಲೇ ನಿಲ್ಲೋದು ರೀ."

ತಿರುವಿನಲ್ಲಿ ಕುರಿಮಂದೆ ರಸ್ತೆ ದಾಟುತ್ತಿತ್ತು. ಆಟೋದವನು ದೂರದಿಂದಲೇ ವೇಗ ಇಳಿಸಿದ್ದ. ಚಿದಾನಂದ ಅದೇ ಸಮಯ ಎಂದು ಅವನನ್ನು ಹಿಂದೆ ಹಾಕಿದ, ಮುಂದೆ ನೋಡಿದ, ಎರಡೂ ಕಾಲಿನಿಂದ ಬ್ರೇಕ್ ಮೆಟ್ಟಿದ. ಟೈರುಗಳು ಕಿರುಚಿಕೊಂಡವು. ಕಾರು ಅಡ್ಡಡ್ಡ ಜಾರಿ, ಒಂದು ಮರಿಯ ಮೂತಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ಸುಟ್ಟ ರಬ್ಬರಿನ ನಾತ ಒಳಗೆ ತುಂಬಿತು.

"ಕಣ್ಣು ಕಾಣಲ್ವೇನೋ ನಿಂಗೆ!" ಎಂದು ಕುರಿಯವನು ಕೋಲು ಎತ್ತಿದ.

ಚಿದಾನಂದ ಅವನಿಗೂ ಹಾರ್ನ್ ಹೊಡೆದ. ಆಮೇಲೆ ಹಿಂದಕ್ಕೆ ತಿರುಗಿ, "ಬ್ರೇಕ್ ಹೋಗಿದೆ ಅಂದ್ರಲ್ಲ, ನೋಡಿದ್ರಾ ಹೇಗೆ ನಿಲ್ತು?" ಎಂದ.

ದಾಕ್ಷಾಯಣಿ ಬಾಗಿಲು ತೆಗೆದು ಇಳಿದಳು.

"ಹತ್ತಿ ರೀ. ನಿಮ್ಮ ತಂದೆಗೆ ನಾನೇನು ಹೇಳಲಿ?"

"ನೀವೇನೂ ಹೇಳಬೇಡಿ. ನಾನೇ ನಡೆದು ಬಂದು ಹೇಳ್ತೀನಿ."

ರೇಷ್ಮೆ ಸೀರೆ ಉಟ್ಟು, ಬಿಸಿಲಲ್ಲಿ, ಬಂದ ದಾರಿಯಷ್ಟನ್ನೂ ಅವಳು ನಡೆದಳು. ನಡೆಯುತ್ತ ಅತ್ತಳು. ಯಾಕೆ ಅಳಬಾರದು? ಹುಡುಗ ಹಿಡಿಸಿದ್ದ. ಅಂಗಡಿ ಕಣ್ಣಿಗೆ ಬಿದ್ದಾಗ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಷ್ಟರಲ್ಲಿ ಕಾರು ಮೊದಲೇ ತಲುಪಿ, ಸುದ್ದಿಯನ್ನೂ ತಲುಪಿಸಿ ಆಗಿತ್ತು. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಚಿದಾನಂದ ತುಂಬಾ ಬೇಸರದಿಂದ ಹೇಳಿದ್ದ. ರುದ್ರೇಶನ ಪಿತ್ತ ನೆತ್ತಿಗೇರಿತ್ತು.

"ನಡು ರಸ್ತೇಲಿ ಇಳಿದು ಬರೋದಾ? ಬಂದವರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು? ಒಳಗೆ ಹೋಗು, ತಟ್ಟೆ ತಗೊಂಡು ಬಾ."

"ತಟ್ಟೆ ಬೇಡ ಮಾವ. ನನಗೆ ಈ ಸಂಬಂಧ ಬೇಡ."

"ಟೈರ್ ಸವೆದೈತೆ ಅಂತ ಗಂಡು ಬೇಡ ಅಂದ್ಲು ಅಂತ ಊರೆಲ್ಲ ನಗುತ್ತೆ ಕಣೇ!"

"ನಗ್ಲಿ. ನಕ್ಕು ಸುಸ್ತಾದ ಮೇಲೆ ಟೈರ್ ಬದಲಾಯಿಸೋಕೆ ಇಲ್ಲಿಗೇ ಬರ್ತಾರೆ."

"ಅಯ್ಯೋ ಹುಚ್ಚಿ, ಟೈರ್ ಹೋದ್ರೆ ಅವನು ಹೊಸದು ಹಾಕಿಸ್ತಾನೆ. ಅದೊಂದು ದೊಡ್ಡ ವಿಷಯಾನಾ?"

"ಟೈರಿಗಾದರೆ ಹೊಸದು ಸಿಗುತ್ತೆ ಮಾವ. ಅವರ ಪಕ್ಕದಲ್ಲಿ ಕೂತು ನಾನು ಸವೆದರೆ ನನಗೆ ಬದಲಿ ಎಲ್ಲಿಂದ ತರ್ತೀಯ? ನಿಲ್ಲಿಸಿ ಅಂದೆ. ನಗ್ತಾ ನಗ್ತಾ ನಿಲ್ಲಿಸಲ್ಲ ಅಂದರು. ನನಗೆ ಅಷ್ಟು ಸಾಕು."

ರುದ್ರೇಶ ಕರಿಬಸಪ್ಪನ ಕಡೆ ತಿರುಗಿದ. "ನೋಡು ಭಾವ, ಮಾತು ಕೊಟ್ಟಿದ್ದು ನೀನು. ಹೇಳು ನಿನ್ನ ಮಗಳಿಗೆ."

ಕರಿಬಸಪ್ಪ ನಿಧಾನಕ್ಕೆ ಕಾರಿನ ಹತ್ತಿರ ಹೋಗಿ ಬಾಗಿ ಟೈರ್ ಮುಟ್ಟಿದ. ಇನ್ನೂ ಬಿಸಿ ಇತ್ತು.

"ಬೆಳಿಗ್ಗೆ ಗಾಡಿ ಬಂದು ನಿಂತಾಗಲೇ ಇದನ್ನ ನೋಡಿದ್ದೆ ರುದ್ರೇಶ. ನಲವತ್ತು ವರ್ಷದಿಂದ ಮಾಡ್ತಿರೋ ಕೆಲಸ, ಕಾಣ್ದೆ ಇರುತ್ತಾ? ಮಗಳಿಗೆ ವಯಸ್ಸಾಯ್ತು ಅಂತ ಕಂಡರೂ ಕಾಣದ ಹಾಗೆ ಇದ್ದೆ. ನನ್ನ ಹತ್ರ ಕಲಿತವಳು ಇವಳು. ನಾನು ನುಂಗಿಕೊಂಡಿದ್ದನ್ನ ಬಾಯಿಬಿಟ್ಟು ಹೇಳಿದಳು. ಮಾತು ಕೊಟ್ಟಿದ್ದು ನನ್ನ ತಪ್ಪು, ವಾಪಸ್ ತಗೊಂಡಿದ್ದೀನಿ."

ಚಿದಾನಂದನ ಮೆಲುದನಿ ಅಲ್ಲಿಗೆ ಮುಗಿಯಿತು. "ಪಂಕ್ಚರ್ ಹಾಕೋರ ಮನೆಗೆ ಹೆಣ್ಣು ಕೇಳೋಕೆ ಬಂದಿದ್ದೇ ನಮ್ಮ ಬುದ್ಧಿಗೇಡಿತನ!" ಎಂದು ಅರಚಿದ. ಕಾರಿನ ಬಾಗಿಲು ಎಳೆದು ಕೂತ. "ಅಮ್ಮಾ, ಹತ್ತು."

ಸರ್ವಮಂಗಳಮ್ಮ ಹೊಸಿಲ ಹತ್ತಿರ ನಿಂತಿದ್ದಳು. ಅಲ್ಲಿಯವರೆಗೂ ಉಪ್ಪಿಟ್ಟು ಚೆನ್ನಾಗಿದೆ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಆಡಿರಲಿಲ್ಲ.

"ನೀನು ಹೋಗಪ್ಪ. ನಾನು ಬಸ್ಸಲ್ಲಿ ಬರ್ತೀನಿ."

"ಏನು?"

"ಬಸ್ಸಲ್ಲಿ ಬರ್ತೀನಿ ಅಂದೆ. ಒಂಬತ್ತು ವರ್ಷದಿಂದ ನಿನ್ನ ಪಕ್ಕ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ. ನಿಧಾನ ಅಂದ್ರೆ ನಗ್ತೀಯ. ನಿಲ್ಲಿಸು ಅಂದ್ರೆ ಇನ್ನೂ ಜೋರು ಓಡಿಸ್ತೀಯ. ಹೆತ್ತವಳು ನಾನು, ಹೆದರ್ಕೊಂಡು ಸುಮ್ನಿದ್ದೆ. ಇವತ್ತು ನೋಡೋಕೆ ಬಂದ ಹುಡುಗಿ ಒಂದೇ ಸಲಕ್ಕೆ ಇಳಿದು ಹೋದ್ಲು. ನಂಗ್ಯಾಕೆ ಆಗಲ್ಲ?"

ಚಿದಾನಂದ ಹಾರ್ನ್ ಒತ್ತಿದ. ಒತ್ತೇ ಒತ್ತಿದ. ಆಯಮ್ಮ ಅಲುಗಾಡಲಿಲ್ಲ. ಅಂಗಡಿ ಮುಂದಿನ ಬೆಂಚಿನ ಮೇಲೆ, ಹಳೆಯ ಟೈರುಗಳ ಪಕ್ಕದಲ್ಲಿ, ಗಟ್ಟಿಯಾಗಿ ಕೂತುಬಿಟ್ಟಳು. ಅವನು ರಸ್ತೆಯ ಮೇಲೆ ಎರಡು ಕಪ್ಪು ಗೆರೆ ಎಳೆದು ಹೊರಟುಹೋದ.

ರುದ್ರೇಶನಿಗೆ ಬೈಯಲು ಯಾರೂ ಉಳಿಯಲಿಲ್ಲ. ಅವನೂ ಹೊರಟ. ದಾಕ್ಷಾಯಣಿ ಒಳಗಿಂದ ಒಂದು ಲೋಟ ಮಜ್ಜಿಗೆ ತಂದು ಸರ್ವಮಂಗಳಮ್ಮನ ಕೈಗೆ ಕೊಟ್ಟಳು. ಚಳ್ಳಕೆರೆಯ ಬಸ್ಸು ದೂರದಲ್ಲಿ ಕಂಡಿತು. ದಾಕ್ಷಾಯಣಿ ಕೈ ಅಡ್ಡ ಹಿಡಿದಳು. ಬಸ್ಸು ಅಲ್ಲಿಂದಲೇ ವೇಗ ಇಳಿಸುತ್ತ ಬಂದು ನಿಂತಿತು.

ಮೆಟ್ಟಿಲ ಮೇಲೆ ಕಾಲಿಟ್ಟ ಸರ್ವಮಂಗಳಮ್ಮ ತಿರುಗಿ ದಾಕ್ಷಾಯಣಿಯ ಕೆನ್ನೆ ಸವರಿದಳು.

"ನಿನ್ನ ಸೊಸೆ ಮಾಡ್ಕೊಂಡು ಹೋಗಬೇಕು ಅಂತ ಆಸೆಯಿಂದ ಬಂದಿದ್ದೆ. ನೀನು ಒಲ್ಲೆ ಅಂದಿದ್ದೇ ಸರಿ ಕಣಮ್ಮ."

ನೀತಿ: ಒಬ್ಬರ ಗುಣ ತಿಳಿಯಬೇಕಾದರೆ ಅವರ ಸವಿಮಾತು ಕೇಳಿದರೆ ಸಾಲದು. ಅವರ ಕೈಕಾಲಿನ ಕೆಳಗೆ ದಿನವೂ ಸವೆಯುತ್ತಿರುವುದು ಏನು, ಅವರ ಪಕ್ಕದಲ್ಲಿ ಕೂತವರು ಹೇಗಿದ್ದಾರೆ ಎಂದೂ ನೋಡಬೇಕು. ನಿಲ್ಲಿಸು ಎಂದಾಗ ನಿಲ್ಲಿಸದವರ ಗಾಡಿಯಿಂದ ಇಳಿದುಬಿಡಿ. ನಗುವವರು ನಗಲಿ, ನಡೆದರೂ ಮನೆ ತಲುಪುತ್ತೀರಿ.