ನೆಲ ಬಿಟ್ಟ ಕಾಲು

“ಸರ್, ನಾನು ಆ ಬಾಲ್ ತಡೆದದ್ದು ತಪ್ಪೇ?”

ಉಜ್ವಲಾ ಹೀಗೆ ಕೇಳಿದಾಗ ಮಾಸ್ತರು ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದ ಕಟ್ಟೆಯ ಮೇಲೆ ಕುಳಿತು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ಅವರು ನಿವೃತ್ತರಾಗಿ ಆರು ವರ್ಷವಾಗಿತ್ತು. ತಂಡಕ್ಕೆ ಈಗ ಬೇರೆ ಕೋಚ್ ಇದ್ದರು. ಆದರೂ ಮಾಸ್ತರು ದಿನಾ ಬೆಳಗ್ಗೆ ಬಂದು ಅಂಕಣ ಗುಡಿಸುತ್ತಿದ್ದರು, ಗೆರೆಗಳಿಗೆ ಸುಣ್ಣ ಹಾಕುತ್ತಿದ್ದರು, ಕೇಳಿದವರಿಗೆ ಕಲಿಸುತ್ತಿದ್ದರು. ಉಜ್ವಲಾ ಚೆಂಡು ಹಿಡಿಯಲು ಕಲಿತದ್ದು ಅವರಿಂದಲೇ.

ಹಿಂದಿನ ದಿನ ನಡೆದದ್ದು ಇಷ್ಟು. ವಲಯ ಪಂದ್ಯಾವಳಿಗೆ ಎಂಟು ಕಾಲೇಜುಗಳು ಹೋಗಬೇಕು. ಏಳು ಆಗಲೇ ನಿಶ್ಚಯವಾಗಿದ್ದವು. ಉಳಿದ ಒಂದು ಸ್ಥಾನಕ್ಕೆ ಉಜ್ವಲಾಳ ತಂಡವೂ ಇನ್ನೊಂದು ತಂಡವೂ ಕಾದಿದ್ದವು. ಆ ತಂಡ ತನ್ನ ಆಟಗಳನ್ನೆಲ್ಲ ಮುಗಿಸಿ, ಒಟ್ಟು ಅಂಕಗಳ ಅಂತರದಲ್ಲಿ ಮುಂದೆ ಕುಳಿತಿತ್ತು. ಹಾಗಾಗಿ ಉಜ್ವಲಾಳ ತಂಡ ಕೊನೆಯ ಆಟವನ್ನು ಗೆದ್ದರೆ ಸಾಲದು, ಆರು ಅಂಕಗಳ ಅಂತರದಿಂದ ಗೆಲ್ಲಬೇಕಿತ್ತು. ಎಂಟು ಸೆಕೆಂಡು ಉಳಿದಾಗ ಅವಳ ತಂಡ ಎರಡೇ ಅಂಕ ಮುಂದಿತ್ತು. ಚೆಂಡು ಎದುರಾಳಿಗಳ ಕೈಯಲ್ಲಿತ್ತು. ಕೋಚ್ ಆಟ ನಿಲ್ಲಿಸಿ ಹುಡುಗಿಯರನ್ನು ಕರೆದರು. ಎದುರಾಳಿಗಳು ಎರಡು ಅಂಕದ ಒಂದು ಬಾಸ್ಕೆಟ್ ಹಾಕಿಕೊಳ್ಳಲಿ, ಅಂಕ ಸಮವಾದರೆ ಇನ್ನೂ ಐದು ನಿಮಿಷ ಆಡಿಸುತ್ತಾರೆ, ಆ ಐದು ನಿಮಿಷದಲ್ಲಿ ಆರು ಅಂಕ ತೆಗೆಯೋಣ ಎಂದರು. ಎಲ್ಲರೂ ತಲೆಯಾಡಿಸಿದರು. ಉಜ್ವಲಾಳೂ ಆಡಿಸಿದಳು. ಆದರೆ ಎದುರಾಳಿ ಹುಡುಗಿ ಚೆಂಡೆತ್ತಿದಾಗ ಉಜ್ವಲಾ ಹಾರಿ ತಡೆದುಬಿಟ್ಟಳು. ಆಟ ಮುಗಿಯಿತು. ತಂಡ ಎರಡು ಅಂಕದಿಂದ ಗೆದ್ದು, ಪಂದ್ಯಾವಳಿಯಿಂದ ಹೊರಗೆ ಬಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಕೊನೆಯ ವರ್ಷದ ಭಾರ್ಗವಿ ಮಾತ್ರ ಒಮ್ಮೆ ಹಿಂದೆ ತಿರುಗಿ, “ಗೆಲ್ಲಿಸಿಬಿಟ್ಟೆಯಲ್ಲ ತಾಯಿ, ಚಪ್ಪಾಳೆ ಹೊಡೀಬೇಕಾ?” ಎಂದಿದ್ದಳು. ಈ ಸಲವೂ ವಲಯಕ್ಕೆ ಹೋಗದಿದ್ದರೆ ಬರುವ ವರ್ಷದಿಂದ ತಂಡ ಬೇಡ, ಅಂಕಣದ ಜಾಗದಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ ಹಾಕಿಸೋಣ ಎಂದು ಪ್ರಾಂಶುಪಾಲರು ಮೊದಲೇ ಹೇಳಿದ್ದರು.

“ತಡೀಬೇಕು ಅಂತ ತಡೆದದ್ದಲ್ಲ ಸರ್. ಕೈ ತಾನಾಗಿ ಮೇಲೆ ಹೋಯಿತು,” ಎಂದಳು ಉಜ್ವಲಾ. “ಬಿಟ್ಟಿದ್ದರೆ ಆ ಹುಡುಗಿಗೆ ಒಂದು ಬಾಸ್ಕೆಟ್ ಸಿಗುತ್ತಿತ್ತು. ನಮಗೆ ಐದು ನಿಮಿಷ ಸಿಗುತ್ತಿತ್ತು. ಯಾರಿಗೆ ಏನು ನಷ್ಟ ಆಗ್ತಿತ್ತು?”

ಮಾಸ್ತರು ಹಾಕುತ್ತಿದ್ದ ಗಂಟನ್ನು ಬಿಗಿದು, ಕತೆ ಹೇಳಿದರು.

ಒಂದು ದೊಡ್ಡ ಕಾಲೇಜು, ಒಂದು ಸಣ್ಣ ಕಾಲೇಜು. ದೊಡ್ಡ ಕಾಲೇಜಿಗೂ ನಿಮ್ಮ ಹಾಗೆ ಕೊನೆಯ ಸ್ಥಾನ ಬೇಕಿತ್ತು, ನಿಮ್ಮ ಹಾಗೆಯೇ ದೊಡ್ಡ ಅಂತರ ಬೇಕಿತ್ತು. ಸಣ್ಣ ಕಾಲೇಜಿಗೆ ಏನೂ ಬೇಕಿರಲಿಲ್ಲ. ಅದು ಆ ವರ್ಷ ಆಡಿದ ಆಟಗಳನ್ನೆಲ್ಲ ಸೋತಿತ್ತು. ಅವರು ಬಂದದ್ದು ಆರೇ ಜನ. ಐದು ಜನ ಆಡುವವರು, ಒಬ್ಬಳು ನೀರು ಕೊಡುವವಳು.

ಅವತ್ತು ಯಾಕೋ ಸಣ್ಣ ಕಾಲೇಜಿನವರು ಚೆನ್ನಾಗಿ ಆಡಿದರು. ಕೊನೆಯ ನಿಮಿಷದಲ್ಲಿ ಒಬ್ಬಳ ಕಾಲು ಉಳುಕಿತು. ನೀರು ಕೊಡುವವಳು ಬಾಟಲಿ ಕೆಳಗಿಟ್ಟು ಒಳಗೆ ಬಂದಳು. ಹತ್ತು ಸೆಕೆಂಡು ಉಳಿದಿತ್ತು. ದೊಡ್ಡ ಕಾಲೇಜು ಎರಡು ಅಂಕ ಮುಂದಿತ್ತು.

ದೊಡ್ಡ ಕಾಲೇಜಿನ ಕೋಚ್ ತನ್ನವರನ್ನು ಕರೆದು, “ಹಾಕಲಿ ಬಿಡಿ,” ಎಂದ.

“ಹಾಕೋಕೇ ಬರದವಳ ಕೈಗೆ ಬಾಲ್ ಬಂದರೆ ಏನ್ ಮಾಡೋಣ ಸರ್?” ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು.

“ಬರೋ ತನಕ ಕೊಡ್ತಾ ಇರಿ,” ಎಂದ ಕೋಚ್.

ಚೆಂಡು ನೀರಿನ ಹುಡುಗಿಯ ಕೈಗೇ ಬಂತು. ದೊಡ್ಡ ಕಾಲೇಜಿನವರು ಕೈ ಮೇಲೆತ್ತಿ ನಿಂತರು. ಹಾರಲಿಲ್ಲ. ಅವಳು ಎಸೆದಳು. ಚೆಂಡು ರಿಂಗಿಗೆ ತಾಗಿ ಹೊರಗೆ ಬಿತ್ತು. ದೊಡ್ಡ ಕಾಲೇಜಿನ ಎತ್ತರದ ಹುಡುಗಿ ಅದನ್ನು ಹಿಡಿದಳು. ಹಿಡಿದು, ಕೈಜಾರಿದಂತೆ ಮತ್ತೆ ಅವಳ ಮುಂದೆಯೇ ಬಿಟ್ಟಳು. ಅವಳು ಮತ್ತೆ ಎಸೆದಳು. ಈ ಸಲ ಬಿತ್ತು.

ಅದು ಅವಳ ಜೀವನದ ಮೊದಲ ಬಾಸ್ಕೆಟ್. ಗೆಳತಿಯರು ಅವಳನ್ನು ಎತ್ತಿಕೊಂಡು ಕುಣಿದರು. ಆಮೇಲಿನ ಐದು ನಿಮಿಷದಲ್ಲಿ ದೊಡ್ಡ ಕಾಲೇಜು ತನಗೆ ಬೇಕಾದಷ್ಟು ಅಂಕ ತೆಗೆದುಕೊಂಡಿತು. ಸಣ್ಣ ಕಾಲೇಜಿನವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ದೊಡ್ಡವರನ್ನು ಸಮಕ್ಕೆ ತಂದೆವು ಎಂದು ಬಸ್ಸಿನ ತುಂಬ ಹಾಡುತ್ತ ಊರಿಗೆ ಹೋದರು. ಕಾಲೇಜಿನಲ್ಲಿ ಅವಳಿಗೆ ಶಾಲು ಹೊದಿಸಿದರು.

ಅಲ್ಲಿಯ ತನಕ ತರಗತಿಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿ ಅದು. ಮುಂದಕ್ಕೆ ಬಂದು ಕುಳಿತಳು. ಕೈ ಎತ್ತಿ ಪ್ರಶ್ನೆ ಕೇಳಿದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಚೆಂಡು ಎಸೆದಳು. ಒಂದು ವರ್ಷ ಹೀಗೆ ನಡೆಯಿತು.

ಮರುವರ್ಷ ಅದೇ ಎರಡು ತಂಡಗಳು ಮತ್ತೆ ಎದುರಾದವು. ಆಟಕ್ಕೆ ಮೊದಲು ಆ ಎತ್ತರದ ಹುಡುಗಿ ನಗುತ್ತ ಬಂದು ಅವಳ ಹೆಗಲ ಮೇಲೆ ಕೈ ಹಾಕಿದಳು.

“ಏಯ್, ನೀರಿನ ಹುಡುಗಿ ಅಲ್ವಾ ನೀನು? ಎರಡು ಸಲ ಕೊಟ್ಟ ಮೇಲೆ ಹಾಕಿದೆಯಲ್ಲೇ! ಅವತ್ತು ನಮ್ಮ ಕಾಲು ನೋಡಲಿಲ್ವಾ? ಒಬ್ಬರದಾದರೂ ನೆಲ ಬಿಟ್ಟಿತ್ತಾ?”

ನೋಯಿಸಬೇಕೆಂದು ಆಡಿದ ಮಾತಲ್ಲ. ಇಬ್ಬರಿಗೂ ಗೊತ್ತಿರುವ ತಮಾಷೆ ಎಂದೇ ಆ ಎತ್ತರದವಳು ತಿಳಿದಿದ್ದಳು.

ಮಾಸ್ತರು ಇಲ್ಲಿಗೆ ನಿಲ್ಲಿಸಿ, ಬಲೆಯನ್ನು ಬೆಳಕಿಗೆ ಹಿಡಿದು ಇನ್ನೊಂದು ತೂತು ಹುಡುಕಿದರು.

“ಆಮೇಲೆ?” ಎಂದಳು ಉಜ್ವಲಾ.

ಆಮೇಲೆ ನೀರಿನ ಹುಡುಗಿ ಚೆಂಡು ಮುಟ್ಟಲಿಲ್ಲ. ಅದು ದೊಡ್ಡ ಮಾತಲ್ಲ, ಎಷ್ಟೋ ಜನ ಮುಟ್ಟುವುದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಯಾರೋ ಪಾಪ ಎಂದು ಹಾಕಿರಬೇಕು ಎಂದುಕೊಂಡಳು. ಕೆಲಸ ಸಿಕ್ಕಿತು. ಬೇರೆಯವರು ಬೇಡವೆಂದು ಬಿಟ್ಟದ್ದಿರಬೇಕು ಎಂದುಕೊಂಡಳು. ನೋಡಲು ಬಂದ ಹುಡುಗ ನೀವು ನನಗೆ ಇಷ್ಟವಾದಿರಿ ಎಂದ. ಅವಳು ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಇಂದಿಗೂ ಯಾರಾದರೂ ಚೆನ್ನಾಗಿ ಮಾಡಿದಿರಿ ಎಂದರೆ ಅವಳ ಕಣ್ಣು ಮೊದಲು ಹೋಗುವುದು ಅವರ ಕಾಲಿನ ಕಡೆಗೆ.

ಉಜ್ವಲಾ ಕೇಳಿದಳು: “ಆ ದೊಡ್ಡ ಕಾಲೇಜಿನವರಿಗೆ?”

“ಅವರಿಗೇನೂ ಆಗಲಿಲ್ಲ. ಪಂದ್ಯಾವಳಿಗೆ ಹೋದರು, ಚೆನ್ನಾಗಿಯೇ ಆಡಿದರು. ಅವರು ಗೆದ್ದು ತಂದ ಕಪ್ ಇನ್ನೂ ಗಾಜಿನ ಬೀರುವಿನಲ್ಲಿದೆ.”

ಉಜ್ವಲಾಳ ಕಣ್ಣು ತುಂಬಿತು. “ನಮ್ಮದು ಎಲ್ಲ ಹೋಯಿತಲ್ಲ ಸರ್. ಭಾರ್ಗವಿ ಅಕ್ಕನ ಕೊನೆಯ ವರ್ಷ ಹೋಯಿತು. ತಂಡ ಹೋಯಿತು. ನೀವು ಗಂಟು ಹಾಕ್ತಾ ಇದ್ದೀರಿ, ಬರುವ ವರ್ಷ ಆ ಬಲೆ ಕಟ್ಟೋಕೆ ಇಲ್ಲಿ ಕಂಬವೇ ಇರೋದಿಲ್ಲ.”

“ಇರೋದಿಲ್ಲ,” ಎಂದರು ಮಾಸ್ತರು.

ಅವರು ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಬಲೆಯನ್ನು ಅವಳ ಕೈಯಲ್ಲಿಟ್ಟರು.

“ನೀನು ತಡೆದ ಆ ಹುಡುಗಿಯೂ ಈಗ ಎಲ್ಲೋ ಕೂತು ಅಳುತ್ತಿರಬಹುದು, ಆದರೆ ನಿನ್ನ ಕಾಲು ನೆಲ ಬಿಟ್ಟದ್ದನ್ನು ಅವಳು ನೋಡಿದ್ದಾಳೆ.”